ಖಾನೆ ಒಂದೇ ಅದ

ನಾನೂರಾ ಹದಿನೇಳನೇ ನಳಿಕೆ.
ಶಹಾಬಾದಿನ ಹುಡುಗಿ, ವಯಸ್ಸು ಒಂಬತ್ತು.
ಹೆಸರು ಲಾಡ್ಲಿ. ಚೀಟಿ ಮ್ಯಾಲ ಯಾರೋ
ಲಾಡು ಅಂತ ಬರದು, ಹೊಡದು, ಮತ್ತ ಬರದಾರ.

ಕಲಬುರಗಿಯೊಳಗ ರಾತ್ರಿ ಎರಡೂವರೆ.
ಕರೆಂಟು ಎರಡು ಸಲ ಹೋಗಿ ಬಂದಾದ.
ಪರದೆ ಮ್ಯಾಲ ಹಸರು ಗೆರೆಯೊಂದು
ಇಪ್ಪತ್ತೆರಡನೇ ಸುತ್ತಿಗೆ ತಲೆ ಎತ್ತಿತು.
ಎರಡನೇ ಟೈಪು.
ಈ ಮಳಿಗಾಲ ಪೂರಾ ಅದನ್ನೇ ನೋಡೀನಿ,
ಬರಿಯಾಕ ಪೆನ್ನು ತಗದೆ.

ಅಷ್ಟರೊಳಗ ಕೆಳಗಿಂದ ಇನ್ನೊಂದು, ಕೇಸರಿ ಬಣ್ಣದ್ದು,
ಊಟದ ಹೊತ್ತಿಗೆ ಬಂದ ಬೀಗರ ಹಂಗ
ಯಾರನ್ನೂ ಕೇಳದೆ ಪಂಕ್ತಿಯೊಳಗ ಕುಂತಿತು.
ಮೂರನೇ ಟೈಪು.

ನನ್ನ ಕೈದೇ ತಪ್ಪು ಅಂದುಕೊಂಡೆ.
ಗವಸು ಬದಲಿಸಿದೆ, ತುದಿ ಬದಲಿಸಿದೆ,
ಬರೇ ನೀರಿನ ನಳಿಕೆ ಒಂದು ಜೋಡಿಗಿಟ್ಟು ಓಡಿಸಿದೆ.
ನೀರು ಸುಮ್ಮನಿತ್ತು.
ಲಾಡ್ಲಿಯ ರಕ್ತ ಮತ್ತ ಎರಡು ಮಾತಾಡಿತು.
ನಾನೂರಾ ಇಪ್ಪತ್ತೊಂದೂ ಹಂಗೇ.
ಅದೇ ಓಣಿ.

ಒಂದು ಬಂದು ಹೋದ್ರ ಅದರ ನೆನಪು ಮೈಯಾಗ ಉಳೀತದ.
ಅದೇ ತಿರುಗಿ ಬಂದ್ರ ಬಾಗಲ ಹಾಕ್ತದ,
ಬ್ಯಾರೇದು ಬಂದ್ರ
ನಮ್ಮವನೇ ಅಂತ ಕೈ ಹಿಡದು ಒಳಗ ಕರೀತದ.
ಇಷ್ಟು ಓದೇ ಪಾಸಾದಾಕಿ ನಾನು.
ಎರಡೂ ಕೂಡಿ ಬಂದ್ರ? ಪುಸ್ತಕದಾಗ ಒಂದೂವರೆ ಸಾಲು.
ತಂದದ್ದು ಒಂದೇ ಸೊಳ್ಳಿಯೋ,
ಒಂದೇ ಸಂಜಿಗೆ ಕಚ್ಚಿದ ಎರಡೋ,
ಅದು ಆ ಒಂದೂವರೆಯಾಗೂ ಇಲ್ಲ.

ಮುಂಜಾನೆ ವಾರ್ಡಿಗೆ ಹೋದೆ. ಹೋಗೂ ಕೆಲಸ ನಂದಲ್ಲ.
ಖೈರುನ್ನಿಸಾ ಮಗಳ ಪಾದ ತಿಕ್ಕುತ್ತ ಕುಂತಿದ್ದಳು.
ಡ್ರಮ್ಮು ಮುಚ್ಚಿಡ್ತೀರೇನವ್ವ ಅಂದೆ.
"ನಳ ಒಂಬತ್ತು ದಿನಕ್ಕೊಮ್ಮೆ ಬರತಾದ್ರಿ.
ಎರಡು ಡ್ರಮ್ಮು, ಒಂದು ಪರಸಿ ಕಲ್ಲಿನ ಹೌಜು.
ಆಶಾ ಬಾಯಿ ಬಂದು ಬ್ಯಾಟರಿ ಬಿಟ್ಟು ನೋಡಿ
ಎಲ್ಲ ಚೆಲ್ಲಿಸಿದಳು.
ಉಳದ ದಿನ ಏನು ಕುಡೀಲಿ ಅಂದ್ರ
ಅಕೀನೂ ಅತ್ತಳು. ಅಕಿ ಮನಿಗೂ ಅದೇ ನಳ."

ಆಮ್ಯಾಲ, ಸಣ್ಣ ದನಿಯೊಳಗ: ರಿಪೋರ್ಟು ಏನ್ ಬಂತ್ರಿ?
ನನಗ ಅರಿವಿಲ್ಲದೇ ಎರಡು ಬೆರಳು ಎತ್ತಿದ್ದೆ.
"ಎರಡಕ್ಕೂ ಅದೇ ಬಾಟ್ಲಿನಾ?"
ಅದೇ, ಅಂದೆ.
ಹನಿ ಬೀಳೋದನ್ನ ಹೊತ್ತು ನೋಡಿದಳು.
"ಎರಡಾವಂತ ಅಕಿಗಿ ಹೇಳಬ್ಯಾಡ್ರಿ.
ಆರಾಮಾದ ಮ್ಯಾಲ ಓಣಿ ತುಂಬ ಮೆರೀತಾಳ."

ನಮೂನೆಯೊಳಗ ಟೈಪು ಅಂತ ಖಾನೆ ಒಂದೇ ಅದ.
ಎರಡು ಬರದೆ. ಅದರ ಮಗ್ಗಲಿಗೇ, ಗೆರೆ ಒತ್ತಿ, ಮೂರು.
ನಡುವ ಒಂದು ಚುಕ್ಕಿಗೂ ಜಾಗ ಇರಲಿಲ್ಲ.

ಮಧ್ಯಾಹ್ನ ಮ್ಯಾಲಿನ ಆಫೀಸಿನಿಂದ ಫೋನು.
ಇಪ್ಪತ್ಮೂರನೇ ಟೈಪು ಎಲ್ಲಿಂದ ಬಂತಮ್ಮ,
ಇರೋದೇ ನಾಕು ಅಲ್ಲ?
ನಗು ಬಂತು, ನಗಲಿಲ್ಲ.
ಲಾಡ್ಲಿಯ ಪ್ಲೇಟ್‌ಲೆಟ್ ಆಗ ಮೂವತ್ತೊಂದು ಸಾವಿರ.
ಅಪ್ಪ ಇನ್ನೂ ಬಂದಿರಲಿಲ್ಲ.
ಶಹಾಬಾದಿನಾಗ ಅವತ್ತು
ನಳ ಬರೂ ದಿನ.