ಹದಿನಾಲ್ಕು ಗೋಲು ಬಿಟ್ಟವಳಿಗೆ

ನಿನ್ನ ಹೆಸರು ತಿಳಿಯಲಿಲ್ಲ.
ಕಾಮೆಂಟರಿಯವನಿಗೂ ತಿಳಿದಿರಲಿಲ್ಲ,
ಮೂರು ಸಲ ಮೂರು ಥರ ಕರೆದು
ಆಮೇಲೆ ಬರೀ ಕೀಪರ್ ಅಂದ.

ಸಿದ್ದಾಪುರದಾಚೆ, ತೋಟದ ನೀರಿನ ಟ್ಯಾಂಕಿನ ಮೇಲೆ
ನೆಟ್‌ವರ್ಕಿಗೆಂದು ಹತ್ತಿ ಕೂತಿದ್ದೆವು.
ಏಳು ಜನ, ಒಂದು ಮೊಬೈಲು,
ರಂಸೀನಾಳ ಅಣ್ಣನದು, ಗಾಜು ಸೀಳಿದ್ದು.
ಸೀಳಿನ ಎಡಕ್ಕೆ ನೀನೊಬ್ಬಳು,
ಬಲಕ್ಕೆ ಉಳಿದವರೆಲ್ಲ.

ನಿನ್ನ ದೇಶ ಹುಡುಕಿದೆವು.
ಎರಡು ಬೆರಳಲ್ಲಿ ಹಿಗ್ಗಿಸಿದಷ್ಟೂ ನೀಲಿ,
ಮತ್ತೂ ನೀಲಿ,
ಕೊನೆಗೆ ನುಸಿಯಷ್ಟು ನೆಲ.
ರೂಪ್‌ಜಾನ್ ಉಗುರಲ್ಲಿ ಕೆರೆದು ನೋಡಿದಳು
ಕೊಳೆಯಿರಬಹುದೆಂದು.

ನಮ್ಮದೂ ಒಮ್ಮೆ ಬೇರೆಯೇ ರಾಜ್ಯವಾಗಿತ್ತು
ಅನ್ನುತ್ತಾರೆ ಬೊಳ್ಳಮ್ಮ ಟೀಚರು.
ಮಡಿಕೇರಿಯಲ್ಲೇ ವಿಧಾನಸಭೆ,
ಇಪ್ಪತ್ನಾಲ್ಕೇ ಜನ ಮೆಂಬರು:
ಎರಡು ಟೀಮು, ಇಬ್ಬರು ರೆಫರಿ,
ಸಬ್‌ಸ್ಟಿಟ್ಯೂಟ್ ಇಲ್ಲ.
ಹೇಳಿ ತಾವೇ ನಗುತ್ತಾರೆ, ಮಂಡಿ ನೀವಿಕೊಳ್ಳುತ್ತಾ.
ಹಾಕಿ ಆಡಿ ಕಳೆದ ಮಂಡಿ ಅದು.

ಇದು ಹಾಕಿಯ ನಾಡು ಕಣೇ.
ಒಕ್ಕಕ್ಕೊಂದು ತಂಡ,
ಮನೆತನದ ಹೆಸರು ಜೆರ್ಸಿಯ ಬೆನ್ನಿಗೆ,
ಅಜ್ಜಿಯೂ ಕೋಲು ಹಿಡಿದು ಇಳಿಯುತ್ತಾಳೆ ಮೈದಾನಕ್ಕೆ.
ನಮ್ಮ ಲೈನ್‌ಮನೆಗೆ ಮನೆತನ ಎಲ್ಲಿಂದ?
ಬಾಗಿಲಿಗೊಂದು ನಂಬರಿದೆ, ಡಾಂಬರಲ್ಲಿ ಬರೆದದ್ದು.
ಅದನ್ನೇ ಬೆನ್ನಿಗೆ ಬರೆದುಕೊಂಡೆವು.
ನಾನು ಹದಿನೇಳು.
ರೂಪ್‌ಜಾನ್ ನಾಲ್ಕು,
ಅವಳ ತಂಗಿ ನಾಲ್ಕು ಬಾರ್ ಒಂದು.
ರೆಫರಿ ತುಂಬ ಹೊತ್ತು ನೋಡಿ
ಏನೂ ಅನ್ನದೆ ಸೀಟಿ ಊದಿದ.

ನೀನು ಮೀನಿನ ಕಾರ್ಖಾನೆಯವಳಂತೆ,
ರಜೆ ಹಾಕಿ ಬಂದವಳಂತೆ.
ಆ ರಜೆಗೆ ಸಂಬಳ ಹಿಡಿದರೇ?
ಇಲ್ಲಿ ಹಿಡಿಯುತ್ತಾರೆ.
ಕಾಫಿ ಹಣ್ಣು ಕುಯ್ದ ಕೈ ಅಂಟಂಟು,
ಚೆಂಡು ಕಚ್ಚಿಕೊಳ್ಳುತ್ತೆ, ನೀನೇ ನಿಲ್ಲು ಪೊನ್ನಿ ಅಂದರು,
ನಾನು ಕೀಪರಾದದ್ದು ಹೀಗೆ.
ಮೀನು ಮುಟ್ಟಿದ ಕೈ ಜಾರುತ್ತದೇನೋ ನನಗೆ ಗೊತ್ತಿಲ್ಲ.
ಅವತ್ತು ಜಾರಿತು.

ಬೆರಳು ಮಡಿಚಿ ಎಣಿಸಿದೆ.
ಹತ್ತಾದ ಮೇಲೆ ರಂಸೀನಾ ತನ್ನ ಬೆರಳು ಕೊಟ್ಟಳು.
ಪ್ರತಿ ಸಲವೂ ತಿರುಗಿ, ಬಗ್ಗಿ, ಬಲೆಯೊಳಗಿಂದ ತೆಗೆದು
ಅಂಗಿಗೆ ಒರೆಸಿ ಕೊಟ್ಟೆ,
ಪಕ್ಕದ ಮನೆಯ ಮಗು ಬಿದ್ದದ್ದನ್ನು ಎತ್ತಿ ಕೊಟ್ಟ ಹಾಗೆ.
ಒಂಬತ್ತರ ಮೇಲೆ ಜುಟ್ಟು ಬಿಚ್ಚಿ ಕಟ್ಟಿದೆ.
ಹನ್ನೊಂದಕ್ಕೆ ನಾವು ಸುಮ್ಮನಾದೆವು.

ಕೊನೆಯಲ್ಲಿ ನಿಮಗೊಂದು ಕಾರ್ನರು.
ನೀನು ಗೋಲು ಬಿಟ್ಟು ಓಡಿದೆ,
ಇಡೀ ಮೈದಾನ, ಕೈ ಬೀಸುತ್ತಾ,
ಬಸ್ಸು ತಪ್ಪಿಸಿಕೊಳ್ಳಬಾರದವಳಂತೆ.
ಚೆಂಡು ಮೇಲೇರಿತು, ನಿನ್ನ ತಲೆಯೂ ಮೇಲೇರಿತು
ಆಗಲೇ
ತಿರುಗತೊಡಗಿತು ಆ ಹಾಳು ಸುತ್ತು.
ರೂಪ್‌ಜಾನ್ ಮೊಬೈಲನ್ನು ಆಕಾಶಕ್ಕೆ ಹಿಡಿದಳು,
ತಂಗಿ ಟ್ಯಾಂಕಿನ ಏಣಿಯ ತುದಿಗೆ ಹತ್ತಿದಳು.
ಚಿತ್ರ ಬಂದಾಗ
ನೀನು ಹಿಂದಕ್ಕೆ ಓಡಿಬರುತ್ತಿದ್ದೆ.
ಹದಿನಾಲ್ಕು ಸೊನ್ನೆ ಹಾಗೇ ಇತ್ತು.
ಕಂಬಕ್ಕೆ ಬಡಿಯಿತೋ, ಮೇಲೆ ಹೋಯಿತೋ?
ಏಳು ಜನ ಏಳು ಥರ ಹೇಳುತ್ತೇವೆ ಈಗಲೂ.

ನಾಳೆ ನಮಗೆ ಅಮ್ಮತ್ತಿಯವರ ಜೊತೆ ಆಟ,
ಇಲ್ಲೇ, ಕುಯ್ಲು ಮುಗಿದ ಗದ್ದೆಯಲ್ಲಿ.
ಮೊನ್ನೆ ಮಳೆ ಬಿದ್ದ ರಾತ್ರಿ ಆನೆ ದಾಟಿ ಹೋಗಿದೆ.
ಪೆನಾಲ್ಟಿಯ ಗುರುತಿದ್ದಲ್ಲಿ ಅದರ ಹೆಜ್ಜೆ,
ನೀರು ನಿಂತು ತಾಮ್ರದ ಹರಿವಾಣದಷ್ಟು.
ಚೆಂಡು ಅದರೊಳಕ್ಕೆ ಬಿದ್ದರೆ ಯಾರದೂ ಅಲ್ಲ
ಎಂದು ಎರಡೂ ಕಡೆಯವರು ಒಪ್ಪಿದ್ದೇವೆ.

ಒಂದು ಕೇಳುವುದಿತ್ತು.
ಹದಿಮೂರನೆಯದಾದ ಮೇಲೆ
ಬಲಗಡೆ ಕಂಬಕ್ಕೆ ಹಣೆಯಿಟ್ಟು
ಏನೋ ಹೇಳಿದೆಯಲ್ಲ, ಏನದು?
ನಮ್ಮ ಕಂಬ ಹಾಲುವಾಣದ್ದು, ಹಸಿಯಾಗಿಯೇ ಕಡಿದು ನೆಟ್ಟದ್ದು.
ನೆಲಕ್ಕೆ ಇಳಿಯಿತೇನೋ,
ಈ ವಾರ ಎಡಗಡೆಯದು ಚಿಗುರಿದೆ,
ಮೂರೆಲೆ.
ಕೀಳಬೇಕೆಂದು ಕೆಲವರು,
ಬಿಡು ಎಂದು ಟೀಚರು.
ಅದಕ್ಕೆ ಏನು ಹೇಳಲಿ ನಾನು,
ಗೋಲಾದಾಗ?