ಹತ್ತಿರದ ಸಂಬಂಧ

ತೀರ್ಪು ಹತ್ತೊಂಬತ್ತು ಪುಟ.
ಪುಟಕ್ಕೆ ಇನ್ನೂರೈವತ್ತು ನನ್ನ ರೇಟು; ವೀರಾಚಾರಿಯವರಿಗೆ
ನೂರೈವತ್ತು ಅಂದೆ. ನನ್ನ ಮೇಜಿನ ಮುರಿದ ಕಾಲು
ಕೂರಿಸಿಕೊಟ್ಟವರು ಅವರೇ.

ಮೇಯೋ ಹಾಲ್ ಎದುರಿನ ಸಂದಿ, ಝೆರಾಕ್ಸ್ ಅಂಗಡಿಯ ಮೇಲೆ
ಒಂದು ಫ್ಯಾನು, ಎರಡು ಕುರ್ಚಿ, ‘ಭಾಷಾಂತರ’ ಎಂಬ ಬೋರ್ಡು.
ಕಾಟನ್‌ಪೇಟೆಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದಾರೆ,
ಹುಬ್ಬಿನ ಮೇಲೆ ಇನ್ನೂ ತೇಗದ ಪುಡಿ.
“ಓದಮ್ಮ, ಕನ್ನಡದಲ್ಲೇ ಓದು.
ಮಗಳು ಫೋನಿನಲ್ಲಿ ಹೇಳಿದ್ದು ಅರ್ಧ ಅಳು, ಅರ್ಧ ಇಂಗ್ಲಿಷು.”

ಮೌನೇಶ್ವರಿ ಅಡಿಲೇಡಿನಲ್ಲಿ ಓದಿದ್ದು ಪೀಠೋಪಕರಣ ತಯಾರಿಕೆ.
ವೀಸಾ ಅರ್ಜಿಯಲ್ಲಿ ಬರೆದ ಕಸುಬು, ಕಟ್ಟಡದ ಮರಗೆಲಸ.
ಓದಿಗೂ ಕಸುಬಿಗೂ ಹತ್ತಿರದ ಸಂಬಂಧ ಇರಬೇಕು ಅನ್ನುತ್ತದೆ ಕಾನೂನು.
ಇಲ್ಲ ಅಂದರು ಅಧಿಕಾರಿ.
ಅದು ಬೀರು, ಇದು ಬಾಗಿಲು.

“ಹತ್ತಿರದ ಸಂಬಂಧ ಅಂದರೆ?” ಅಂದರು ಆಚಾರ್ರು,
“ಸೋದರಮಾವನ ಮಗಳ ಥರಾನಾ?”
ನಗಬಾರದಿತ್ತು, ನಕ್ಕೆ.
ಆರನೇ ಪುಟದಲ್ಲಿ ನ್ಯಾಯಾಧೀಶರೂ ಅದನ್ನೇ ಕೇಳುತ್ತಾರೆ,
ಇಷ್ಟು ಚೆನ್ನಾಗಲ್ಲ:
ಸಂಬಂಧ ಇದ್ದರೆ ಸಾಲದು, ‘ಹತ್ತಿರ’ ಎಂಬ ಪದಕ್ಕೂ ಕೆಲಸ ಕೊಡಬೇಕು;
ಆದರೆ ಎಷ್ಟು ಹತ್ತಿರ ಎಂಬುದನ್ನು
ಕೋರ್ಸಿನ ಹೆಸರು ನೋಡಿ ಅಳೆಯುವಂತಿಲ್ಲ,
ಕೈ ಏನು ಕಲಿಯಿತೆಂದು ನೋಡಿ ಅಳೆಯಬೇಕು.
‘ಕೈ’ ನಾನು ಸೇರಿಸಿದ್ದು. ಹೊಡೆದುಹಾಕಿ
‘ಕೌಶಲ್ಯ’ ಅಂತ ಬರೆದೆ.

ನನ್ನ ಕಷ್ಟ ಬೇರೆ. ಇಂಗ್ಲಿಷಿನಲ್ಲಿ ಎರಡು ಹೆಸರು,
ಎರಡು ಸಂಖ್ಯೆ, ಎರಡು ಪಟ್ಟಿ.
ಕನ್ನಡದಲ್ಲಿ ಎರಡೂ ಬಡಗಿ.
ವಾಕ್ಯ ಹೀಗೆ ಬಂದು ಕೂತಿತು: ‘ಬಡಗಿ ಕೆಲಸ ಕಲಿತವಳು
ಬಡಗಿ ಆಗಬಹುದೇ ಎಂಬುದು ಈ ಪ್ರಕರಣದ ಪ್ರಶ್ನೆ.’
ಆಚಾರ್ರು ನನ್ನ ಮುಖವನ್ನೇ ನೋಡಿದರು,
ತಪ್ಪು ನನ್ನದೇ ಎಂಬಂತೆ.

ಹನ್ನೊಂದನೇ ಪುಟ ಪೂರಾ ವಾರಗಳ ಲೆಕ್ಕ.
ತೊಂಬತ್ತೆರಡು ವಾರ ಓದಿರಬೇಕಂತೆ. ಕಾಲೇಜು ಮುಚ್ಚಿದ್ದ
ಆ ಎರಡು ವಾರ ಓದಿಗೆ ಸೇರುತ್ತದೋ ಇಲ್ಲವೋ,
ನಾಲ್ಕು ಪ್ಯಾರಾ.
“ನಮ್ಮಪ್ಪ ನನ್ನನ್ನ ಮೂರು ವರ್ಷ ಬರೀ ಉಳಿ ಮಸೆಯೋಕೆ ಕೂರಿಸಿದ್ದ,
ಅದು ಎಷ್ಟು ವಾರಕ್ಕೆ ಬರುತ್ತೆ?”

ಉಳಿ.
‘ವಾಸ್ತವ್ಯವನ್ನು ಮುಂದುವರಿಸಲು ಅನುಮತಿ’ ಎಂದು
ಟೈಪಿಸುತ್ತಿದ್ದ ಬೆರಳು ನಿಂತಿತು.
ಹತ್ತೊಂಬತ್ತು ಪುಟ ಬೇಡುತ್ತಿರುವುದು ಈ ಎರಡಕ್ಷರ,
ಅದು ಇವರ ಚೀಲದಲ್ಲಿದೆ, ಹಿಡಿ ಸವೆದು.

“ಗೆದ್ದಳಾ?”
ಇಲ್ಲ. ಸೋತೂ ಇಲ್ಲ.
ಕೋರ್ಟು ವೀಸಾ ಕೊಡುವುದಿಲ್ಲ ಆಚಾರ್ರೇ,
ಅಧಿಕಾರಿ ಕೇಳಿಕೊಂಡ ಪ್ರಶ್ನೆಯೇ ತಪ್ಪು ಅಂದಿದೆ;
ಕಡತ ಅದೇ ಕಚೇರಿಗೆ ವಾಪಸು, ಮೊದಲಿಂದ ನೋಡಿ ಅಂತ.
“ಅಂದರೆ ಕೊಯ್ಯೋ ಮುಂಚೆ ಇನ್ನೊಂದ್ಸಲ ದಾರ ಹಿಡೀರಿ, ಅಂತ.”
ಹೌದು, ಅಂದೆ.
ನಾನು ಬರೆದಿದ್ದು ‘ಮರುಪರಿಶೀಲನೆಗಾಗಿ ಹಿಂದಿರುಗಿಸಲಾಗಿದೆ’.

ದುಡ್ಡು ಎಣಿಸಿಟ್ಟರು. ಏಳುವಾಗ ಮೇಜಿನ ಅಂಚು ಹಿಡಿದು
ಅಲುಗಿಸಿದರು. ಇನ್ನೂ ಒಂದಿಷ್ಟು ಅಲ್ಲಾಡುತ್ತದೆ.
“ಭಾನುವಾರ ಬರ್ತೀನಿ.”

ಮೆಟ್ಟಿಲ ಕೆಳಗೆ ನಿಂತು ಫೋನು:
“ಕಚ್ಚು ಸ್ವಲ್ಪ ಬಿಗಿಯಾಗಿದೆ, ಅಷ್ಟೇ. ಬಡೀಬೇಡ.
ತಾಳು. ಅದಾಗೇ ಒಳಗೆ...”
ಸಿಗ್ನಲ್ ಬಿಟ್ಟಿತು.
ಉಳಿದದ್ದು ಕೇಳಿಸಲಿಲ್ಲ.