ಒತಿಯಾನ ಮಣಿಕಟ್ಟು

ನಲವತ್ತು ಸೆಕೆಂಡಿನ ದೃಶ್ಯಕ್ಕೆ
ಮೂರು ವಾರ
ನಮ್ಮ ಬಾವಿಯಂಥ ಒಲೆಗೆ ಬಗ್ಗಿ ಬೆವರಿದ.
ಕುತೈಸಿಯ ಅರ್ಧ ಊರು ಸೀದ ರೊಟ್ಟಿ ತಿಂದು
ಅಪ್ಪನಿಗೆ ಶಾಪ ಹಾಕಿತು.
ಹತ್ತನೇ ದಿನ ಮಣಿಕಟ್ಟು ಸುಟ್ಟುಕೊಂಡ;
ಬೆಣ್ಣೆ ಸವರಿದವಳು ನಾನು, ಏಳು ವರ್ಷದವಳು.

ಆಮೇಲೆ ರಾಜನಾದ, ನ್ಯಾಯಾಧೀಶನಾದ,
ಮೇಕೆ ಕದ್ದು ಸಿಕ್ಕಿಬಿದ್ದ ಪಾದ್ರಿಯಾದ.
ಜನ ಅವನ ಮೀಸೆಗೆ ನಕ್ಕರು, ಕಣ್ಣಿಗೆ ಅತ್ತರು.
ನಾನು ಅಂಗಿತೋಳು ಸರಿಯುವುದನ್ನೇ ಕಾಯುತ್ತಿದ್ದೆ.
ರಾಜಮುದ್ರೆ ಒತ್ತುವಾಗ ಕಂಡಿತು ನೋಡಿ,
ನಮ್ಮ ಒಲೆಯ ಮುದ್ರೆ!

ಮೊನ್ನೆ ಒತಿಯಾನನ್ನು ಮಣ್ಣು ಮಾಡಿ ಬಂದೆವು.
ರಾತ್ರಿ ಟೀವಿಯಲ್ಲಿ ಅವನ ಮೊದಲ ಚಿತ್ರ:
ಹಿಮದಲ್ಲಿ ಬಿದ್ದ ಸಿಪಾಯಿ, ಚಾಚಿದ ಕೈ.
ಎದ್ದು ಹತ್ತಿರ ಹೋಗಿ ನೋಡಿದೆ.

ಕಲೆಯೇ ಇಲ್ಲ.
ಇನ್ನೂ ನಮ್ಮ ಅಂಗಡಿಗೆ ಬಂದಿಲ್ಲ ಅವನು.